ಚಪ್ಪಟೆ ಧ್ವನಿವರ್ಧಕವೂ ಹಿಂಬದಿಯ ಗೋಡೆಯೂ

ಹಾಸನ ಜಿಲ್ಲೆಯ ರುದ್ರಪಟ್ಟಣವು ಸಂಗೀತಗಾರರ ಊರು; ಆರ್. ಕೆ. ಶ್ರೀಕಂಠನ್ ಅವರು 1920ರಲ್ಲಿ ಜನಿಸಿದುದು ಅಲ್ಲಿಯೇ. ಅವರ ಗಾಯನದ ಧ್ವನಿಮುದ್ರಣವನ್ನು ದುದ್ದದ ಹೆಂಚಿನ ಮನೆಯೊಂದರ ಪಡಸಾಲೆಯಲ್ಲಿ ಚಪ್ಪಟೆ ಧ್ವನಿವರ್ಧಕದಿಂದ ಕೇಳುತ್ತಿರುವೆವೆಂದು ಭಾವಿಸೋಣ.

ಸಾಮಾನ್ಯ ಧ್ವನಿವರ್ಧಕದ ಶಂಕುವಿನ ಹಿಂಬದಿಯನ್ನು ಪೆಟ್ಟಿಗೆಯೊಂದು ಮುಚ್ಚಿರುತ್ತದೆ. ಚಪ್ಪಟೆಯದರಲ್ಲಿ ಪೆಟ್ಟಿಗೆಯಿಲ್ಲ, ತೆಳುವಾದ ಅಗಲ ಪೊರೆಯೇ ಕಂಪಿಸುತ್ತದೆ. 1957ರಲ್ಲಿ ಇಂಗ್ಲೆಂಡಿನ ಪೀಟರ್ ವಾಕರ್ ಅವರ ಕ್ವಾಡ್ ಸಂಸ್ಥೆಯು ಮಾರಾಟಕ್ಕೆ ತಂದ ಸ್ಥಿರವಿದ್ಯುತ್ ಧ್ವನಿವರ್ಧಕವು ಈ ಬಗೆಯದು. ಪೊರೆಯು ಮುಂದೆ ಸರಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನದು ವಿರಳವಾಗುತ್ತದೆ. ಆದುದರಿಂದ ಹಿಂದಕ್ಕೂ ಅಷ್ಟೇ ಬಲದ, ಆದರೆ ವಿರುದ್ಧ ಪ್ರಾವಸ್ಥೆಯ ಅಲೆ ಹೊರಡುತ್ತದೆ.

ಗೋಡೆಯು 1 ಮೀಟರ್ ಹಿಂದಿದ್ದರೆ ಆ ಅಲೆಯು 2 ಮೀಟರ್ ಹೆಚ್ಚು ಕ್ರಮಿಸಿ, ಸುಮಾರು 6 ಮಿಲಿಸೆಕೆಂಡು ತಡವಾಗಿ ನಮ್ಮನ್ನು ಸೇರುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಆಗ ತರಂಗದೂರವು 2 ಮೀಟರ್ ಇರುವ, ಎಂದರೆ ಸೆಕೆಂಡಿಗೆ 170 ಕಂಪನಗಳ, ಸ್ವರವು ಕ್ಷೀಣಿಸುತ್ತದೆ. 85 ಕಂಪನಗಳದು ಬಲಗೊಳ್ಳುತ್ತದೆ. ಪುರುಷಕಂಠದ ಸ್ವರಗಳು ಸಂಚರಿಸುವುದು ಈ ಪ್ರದೇಶದಲ್ಲಿಯೇ.

ಆದುದರಿಂದ ಧ್ವನಿವರ್ಧಕವನ್ನು ಗೇಣುಗೇಣಾಗಿ ಸರಿಸುತ್ತ, ಒಂದೇ ಕೃತಿಯನ್ನು ಒಂದೇ ಮಟ್ಟದಲ್ಲಿ ಮತ್ತೆ ಮತ್ತೆ ಕೇಳಬೇಕು. ಕಂಠದ ತುಂಬುತನವೂ ಮೃದಂಗದ ಎಡಮುಖದ ನಾದವೂ ಸಹಜವಾಗಿ ಕೇಳಿಸುವ ಸ್ಥಳವೇ ಅದರ ನೆಲೆ. ಅಂಗಡಿಯಲ್ಲಿ ಕೇಳಿ ಮೆಚ್ಚಿದ ನಾದದಲ್ಲಿ ಅಂಗಡಿಯ ಗೋಡೆಗೂ ಪಾಲುಂಟೆಂಬುದನ್ನು ಕೊಳ್ಳುವವರು ಮರೆಯಬಾರದು.