ಸೋರುವ ಕಿವಿಯಲ್ಲಿ ಕರಗುವ ಮೂಳೆ

ಕಿವಿ ಸೋರಿದರೆ ನಮ್ಮಲ್ಲಿ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಹತ್ತಿ ತುರುಕುವುದು, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವುದು, ಅಷ್ಟೇ. ನೋವಿಲ್ಲದ ಕಾಯಿಲೆಗೆ ಅವಸರವೇನು? ಆದರೆ ವರ್ಷಗಟ್ಟಲೆ ಸೋರುವ ಕಿವಿಯೊಳಗೆ ಮೂಳೆಯೇ ಕರಗುತ್ತಿರಬಹುದು. ಕರಗಿಸುವ ಕೆಲಸ ಬಹುಪಾಲು ನಮ್ಮದೇ ಜೀವಕೋಶಗಳದ್ದು.

ಹಳೆಯ ಮೂಳೆಯನ್ನು ತೆಗೆಯಲು ಆಸ್ಟಿಯೊಕ್ಲಾಸ್ಟ್, ಹೊಸದನ್ನು ಕಟ್ಟಲು ಆಸ್ಟಿಯೊಬ್ಲಾಸ್ಟ್ ಎಂಬ ಕೋಶಗಳು ಜೀವನವಿಡೀ ದುಡಿಯುತ್ತವೆ. ಸೋಂಕು ಬೇರೂರಿದ ಕಡೆ ಉರಿಯೂತದಿಂದ ಹೊಮ್ಮುವ ಇಂಟರ್‌ಲ್ಯೂಕಿನ್-1, ಟಿಎನ್‌ಎಫ್-ಆಲ್ಫಾದಂಥ ರಾಸಾಯನಿಕಗಳು ಮೊದಲ ಗುಂಪನ್ನು ಹುರಿದುಂಬಿಸುತ್ತವೆ. ಆಸ್ಟಿಯೊಕ್ಲಾಸ್ಟ್ ಮೂಳೆಗೆ ಅಂಟಿ ಕೂತು, ಆಮ್ಲ ಸುರಿಸಿ ಖನಿಜವನ್ನು ಕರಗಿಸುತ್ತದೆ. ಉಳಿದ ಕೊಲಾಜನ್ ಎಳೆಗಳನ್ನು ಕಿಣ್ವದಿಂದ ತುಂಡರಿಸುತ್ತದೆ. ಕಟ್ಟುವವರು ಹಿಂದೆ ಬೀಳುತ್ತಾರೆ.

ಮೊದಲ ಪೆಟ್ಟು ಹೆಚ್ಚಾಗಿ ನಡುಗಿವಿಯಲ್ಲಿ ಸದ್ದು ದಾಟಿಸುವ ಪುಟ್ಟ ಮೂಳೆಗಳಲ್ಲೊಂದಾದ ಅಡಿಗಲ್ಲು ಮೂಳೆಯ ಉದ್ದ ಕಾಲಿನ ತುದಿಗೆ. ಅದು ತೆಳು, ರಕ್ತಪೂರೈಕೆಯೂ ಕಡಿಮೆ. ಅದು ಸವೆದರೆ ಸುಮಾರು 3 ಮಿಲಿಮೀಟರಿನ ರಿಕಾಪು ಮೂಳೆಯ ಜೊತೆಗಿನ ಕೊಂಡಿ ಕಳಚುತ್ತದೆ. ಕಿವಿಯ ತಮಟೆ ಅದುರಿದರೂ ಸದ್ದು ಒಳಗಿವಿಗೆ ಸರಿಯಾಗಿ ಮುಟ್ಟುವುದಿಲ್ಲ.

ಕೊಲೆಸ್ಟಿಯಟೋಮಾ ಎಂಬ ಚರ್ಮದ ಚೀಲ ಇದ್ದರೆ ಸವೆತ ಇನ್ನೂ ಜೋರು. ಮೂಗಿನ ಹಿಂಭಾಗದಿಂದ ಕಿವಿಗೆ ಗಾಳಿ ಒಯ್ಯುವ ಯುಸ್ಟೇಶಿಯನ್ ನಾಳ ಸರಿಯಾಗಿ ತೆರೆಯದಿದ್ದರೆ ನಡುಗಿವಿಯ ಒತ್ತಡ ಇಳಿದು, ತಮಟೆಯ ಒಂದು ಭಾಗ ಒಳಕ್ಕೆ ಕುಸಿದು ಚೀಲವಾಗುತ್ತದೆ. ಅದರ ಚರ್ಮ ಉದುರಿಸುವ ಹೊಟ್ಟಿಗೆ ಹೊರದಾರಿಯಿಲ್ಲ. ಅಲ್ಲೇ ಗುಡ್ಡೆಯಾಗಿ ಕೊಳೆಯುತ್ತದೆ. ದುರ್ನಾತದ ಸೋರಿಕೆ ಇದರ ಮುಖ್ಯ ಸುಳಿವು. ಚೀಲ ಬೆಳೆದಂತೆ ಅಕ್ಕಪಕ್ಕದ ಮೂಳೆಯೂ ಸವೆಯುತ್ತದೆ. ಮುಖದ ನರದ ಕವಚ ಹೋದರೆ ಬಾಯಿ ಸೊಟ್ಟಗಾಗಬಹುದು. ಸಮತೋಲನದ ನಾಳಕ್ಕೆ ತೂತು ಬಿದ್ದರೆ ತಲೆ ಸುತ್ತುತ್ತದೆ. ಮೇಲಿನ ತೆಳು ಮೂಳೆಯ ಆಚೆ ಇರುವುದು ಮಿದುಳು.

ಇನ್ನೊಂದು ಮೋಸವೂ ಉಂಟು. ಕೆಲವರಲ್ಲಿ ಮೂಳೆ ಕಳಚಿದ ಸಂದನ್ನು ಈ ಚೀಲವೇ ತುಂಬಿ ಸದ್ದು ದಾಟಿಸುತ್ತದೆ, ಕಿವಿ ಚೆನ್ನಾಗಿಯೇ ಕೇಳುತ್ತದೆ! ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ತೆಗೆದಾಗ ಕೇಳುವಿಕೆ ಕುಗ್ಗಬಹುದು. ಆದರೂ ವೈದ್ಯರು ಮೊದಲು ಚೀಲವನ್ನು ಬೇರುಸಹಿತ ಕಿತ್ತು, ಕಿವಿಯನ್ನು ಅಪಾಯದಿಂದ ಪಾರುಮಾಡುತ್ತಾರೆ. ಕೊಂಡಿಯನ್ನು ಟೈಟಾನಿಯಂ ತುಣುಕಿನಿಂದಲೋ ರೋಗಿಯದೇ ಮೂಳೆ, ಮೃದ್ವಸ್ಥಿಯಿಂದಲೋ ಆಗಲೇ ಅಥವಾ ಮುಂದೆ ಜೋಡಿಸಬಹುದು. ಹಾಗಾಗಿ ನೋವಿಲ್ಲ, ಕಿವಿ ಕೇಳುತ್ತಿದೆ ಎಂಬ ಎರಡು ಸಮಾಧಾನಗಳೂ ಸಾಲವು. ಎರಡು ವಾರ ಕಳೆದರೂ ಸೋರುವುದು ನಿಲ್ಲದಿದ್ದರೆ ಎಣ್ಣೆ ಬಟ್ಟಲು ಬದಿಗಿಟ್ಟು ಕಿವಿ ವೈದ್ಯರಲ್ಲಿಗೆ ಹೋಗಬೇಕು.