ಗುಡ್ಡದ ದಾರಿಯಲ್ಲಿ ನೆರೆಹೊರೆಯ ಪರಿಚಯ

ಉದ್ಯೋಗದ ನಿಮಿತ್ತ ಊರಿಂದೂರಿಗೆ ವರ್ಗವಾಗುವುದು ನಮ್ಮ ಕಥೋಲಿಕ ಕುಟುಂಬಗಳಿಗೆ ಹೊಸದೇನಲ್ಲ. ಗಂಟುಮೂಟೆ ಕಟ್ಟಿ ಹೊರಟಾಗ ಹಳೆಯ ಧರ್ಮಕೇಂದ್ರ, ಗಾಯನವೃಂದ, ಪರಿಚಿತ ಮುಖಗಳು ಹಿಂದೆ ಉಳಿಯುತ್ತವೆ. ಹೊಸ ಊರಿನಲ್ಲಿ ಬಾಡಿಗೆದಾರರಾಗಿ ಎಷ್ಟು ವರ್ಷಗಳನ್ನಾದರೂ ಕಳೆಯಬಹುದು. ನೆರೆಯವರಾಗುವುದು ಮಾತ್ರ ತಾನಾಗಿ ಒದಗುವ ಭಾಗ್ಯವಲ್ಲ.

ಕರಾವಳಿಯಿಂದ ಬೆಳಗಾವಿ ಜಿಲ್ಲೆಯ ಗೋಕಾಕ ಸೀಮೆಗೆ ಬಂದ ನಮಗೆ ಈ ಮಾತನ್ನು ಮನಗಾಣಿಸಿದ್ದು ಗುಡ್ಡ ಹತ್ತುವ ಸೈಕಲ್. ದಪ್ಪ ಟೈರು, ಹಲವು ಗೇರುಗಳ ಈ ವಾಹನವು 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಗುಡ್ಡಗಳಲ್ಲಿ ರೂಪುಗೊಂಡಿತು. 1996ರ ಅಟ್ಲಾಂಟ ಒಲಿಂಪಿಕ್ಸ್‌ನಲ್ಲಿ ಇದರ ಸ್ಪರ್ಧೆಗೆ ಮೊದಲ ಬಾರಿ ಸ್ಥಾನ ದೊರೆಯಿತು. ನಮ್ಮ ಗದಗದಲ್ಲಿಯೂ 2022ರಲ್ಲಿ ಇದರ ರಾಷ್ಟ್ರೀಯ ಸ್ಪರ್ಧೆ ಜರುಗಿತು.

ಇಲ್ಲಿನ ಮೂರು ತಾಲ್ಲೂಕುಗಳು ಸವಾರನಿಗೆ ಮೂರು ಬಗೆಯ ಪಾಠ ಹೇಳುತ್ತವೆ. ಘಟಪ್ರಭೆಯು 52 ಮೀಟರ್ ಆಳಕ್ಕೆ ಧುಮುಕುವ ಗೋಕಾಕ ಜಲಪಾತದ ಸುತ್ತ, ಮಾರ್ಕಂಡೇಯ ನದಿಯ ಗೊಡಚಿನಮಲ್ಕಿಯ ಕಡೆ ಕಲ್ಲುದಾರಿಗಳಿವೆ. ಅಲ್ಲಿ ವೇಗಕ್ಕಿಂತ ತಾಳ್ಮೆಗೆ ಬೆಲೆ. ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿಯದು ಕಬ್ಬು ಬೆಳೆಯುವ ಎರೆಭೂಮಿ. ಬೇಸಿಗೆಯಲ್ಲಿ ಗಟ್ಟಿಯಾದ ಚಕ್ಕಡಿ ದಾರಿಗಳು ಒಂದು ಮಳೆ ಬಿದ್ದೊಡನೆ ಗಾಲಿಗೆ ಮೆತ್ತಿಕೊಂಡು ಸೈಕಲನ್ನು ಹೆಗಲಿಗೇರಿಸುತ್ತವೆ. ಹುಕ್ಕೇರಿಯ ಕಡೆ ಹಿಡಕಲ್ ಜಲಾಶಯದ ಆಸುಪಾಸಿನ ಏರಿಳಿತಗಳು ಕಾಲಿನ ಬಲವನ್ನು ಪರೀಕ್ಷಿಸುತ್ತವೆ.

ಆದರೆ ದೊಡ್ಡ ಪಾಠವನ್ನು ಕಲಿಸಿದ್ದು ಜಾಲಿಮುಳ್ಳು. ಹೊಲದ ಬದುವಿನಲ್ಲಿ ಟೈರು ಪಂಕ್ಚರ್ ಆಗಿ ನಾವು ಕುಳಿತಾಗಲೆಲ್ಲ ಯಾರಾದರೊಬ್ಬರು ಬಂದು ನಿಲ್ಲದೆ ಇರಲಿಲ್ಲ. “ಯಾವೂರ್ರಿ ನಿಮ್ದು? ಬಿಸಲಾಗ ಯಾಕ ಕುಂತೀರಿ? ಮೊದಲ ನೀರ ಕುಡೀರಿ” ಎಂಬ ಮಾತಿನೊಡನೆ ಆರಂಭವಾದ ಪರಿಚಯ ಎಷ್ಟೋ ಬಾರಿ ಜೋಳದ ರೊಟ್ಟಿಯವರೆಗೆ ಸಾಗಿದೆ. ನಮ್ಮ ಜಾತಿ ಮತಗಳನ್ನು ಅವರು ವಿಚಾರಿಸಲಿಲ್ಲ. ಕಾರಿನ ಗಾಜನ್ನು ಏರಿಸಿಕೊಂಡು ಸಾಗಿದ್ದರೆ ಈ ಆತಿಥ್ಯ ನಮಗೆ ದೊರೆಯುತ್ತಿರಲಿಲ್ಲ. ಎಮ್ಮಾವುಸ್ ದಾರಿಯಲ್ಲಿ ಶಿಷ್ಯರು ಅಪರಿಚಿತನೊಬ್ಬನನ್ನು ಊಟಕ್ಕೆ ಉಳಿಸಿಕೊಂಡು, ಆತನು ರೊಟ್ಟಿ ಮುರಿದಾಗ ಪ್ರಭುವನ್ನು ಗುರುತಿಸಿದ ಪ್ರಸಂಗ ಇಲ್ಲಿ ನಮಗೆ ಹೊಸ ಅರ್ಥ ಪಡೆಯಿತು.

ಸೈಕಲ್ ಸವಾರರಿಗೆ ಭಾನುವಾರದ ಬೆಳಗು ಬಹು ಪ್ರಿಯ. ನಮಗಾದರೋ ಅದು ಪ್ರಭುವಿನ ದಿನ. ಹಿಂದಿನ ದಿನದ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ನೆರವೇರುತ್ತದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1248ನೆಯ ನಿಯಮ ತಿಳಿಸುತ್ತದೆ. ಆದರೂ ವಿಶ್ವಾಸಿಗಳು ವಿರಳವಾಗಿರುವ ಸೀಮೆಯಲ್ಲಿ ಒಬ್ಬರು ಬಾರದಿದ್ದರೆ ಆ ಕೊರತೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಸಾವಿರ ಜನರ ದೇವಾಲಯದಲ್ಲಿ ಕಾಣದ ಖಾಲಿ ಸ್ಥಳ ಇಪ್ಪತ್ತು ಜನರ ನಡುವೆ ಎದ್ದು ಕಾಣುತ್ತದೆ. ಆದಕಾರಣ ನಾವು ಪೂಜೆಯನ್ನು ಮೊದಲಿಟ್ಟು, ಸವಾರಿಯನ್ನು ಅನಂತರಕ್ಕೆ ಇಟ್ಟುಕೊಂಡೆವು. ಇದರಿಂದ ನಮಗಾದ ನಷ್ಟವೆಂದರೆ ತುಸು ಹೆಚ್ಚಿನ ಬಿಸಿಲು ಮಾತ್ರ!

ಧರ್ಮಸಭೆಗೆ ಸೈಕಲ್ ಅನ್ಯವಸ್ತುವಲ್ಲ. ಇಟಲಿಯ ಗಿಸಾಲೊ ಬೆಟ್ಟದ ಮಾತೆ ಮರಿಯಮ್ಮನವರನ್ನು ಜಗದ್ಗುರು ಹನ್ನೆರಡನೆಯ ಪಿಯೂಸ್‌ರವರು 1949ರಲ್ಲಿ ಸೈಕಲ್ ಸವಾರರ ಪಾಲಕಿಯೆಂದು ಘೋಷಿಸಿದರು. ಅದೇ ದೇಶದ ಗೀನೊ ಬಾರ್ತಲಿ 1938 ಮತ್ತು 1948ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ವೀರ, ಶ್ರದ್ಧಾವಂತ ಕಥೋಲಿಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆತನು ಅಭ್ಯಾಸದ ನೆಪದಲ್ಲಿ ಫ್ಲಾರೆನ್ಸ್ ಮತ್ತು ಅಸಿಸಿ ನಗರಗಳ ನಡುವೆ ಸಂಚರಿಸಿ, ಸೈಕಲಿನ ಕೊಳವೆಗಳಲ್ಲಿ ಯೆಹೂದ್ಯರ ಪ್ರಾಣ ಉಳಿಸುವ ಗುರುತಿನ ಪತ್ರಗಳನ್ನು ಅಡಗಿಸಿ ಸಾಗಿಸಿದನು. ಬದುಕಿರುವವರೆಗೂ ಈ ವಿಷಯವನ್ನು ಹೇಳಿಕೊಂಡು ಮೆರೆಯಲಿಲ್ಲ. ಆತನು 2000ದಲ್ಲಿ ನಿಧನ ಹೊಂದಿದನು. ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಗೌರವಿಸಿದ್ದು 2013ರಲ್ಲಿ. ಗೆದ್ದ ಪದಕಗಳಿಗಿಂತ ನೆರೆಯವನಿಗಾಗಿ ತುಳಿದ ದಾರಿಯೇ ಆತನ ಹಿರಿಮೆ.

ಮಕ್ಕಳು ಸೈಕಲ್ ಬೇಡಿದಾಗ ಅಪಾಯದ ಭಯದಿಂದ ತಂದೆತಾಯಿಯರು ಹಿಂಜರಿಯುವುದು ಸಹಜ. ಕಬ್ಬಿನ ಕಟಾವಿನ ತಿಂಗಳುಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಸ್ತೆ ತುಂಬ ಸಾಗುವುದರಿಂದ ಕತ್ತಲೆಯ ಸವಾರಿ ಸಲ್ಲದು. ತಲೆಗೆ ಹೆಲ್ಮೆಟ್, ಚೀಲದಲ್ಲಿ ಪಂಕ್ಚರ್ ಸಾಮಾನು, ಸಾಕಷ್ಟು ನೀರು, ಬಳಲಿದಾಗ ತಿನ್ನಲು ಗೋಕಾಕದ ಕರದಂಟು ಇರಲಿ. ಹೋಗುವ ದಾರಿ ಯಾವುದೆಂದು ಮನೆಯವರಿಗೆ ತಿಳಿದಿರಲಿ. ಇಷ್ಟು ಏರ್ಪಾಡು ಮಾಡಿ ಅವರನ್ನು ಕಳುಹಿಸಿಕೊಡೋಣ. ಮರಳಿ ಬಂದಾಗ ಎಷ್ಟು ಕಿಲೋಮೀಟರ್ ತುಳಿದಿರೆಂದು ಕೇಳುವ ಮೊದಲು, ದಾರಿಯಲ್ಲಿ ಯಾರನ್ನು ಮಾತನಾಡಿಸಿದಿರೆಂದು ಕೇಳೋಣ.