ಊಸರವಳ್ಳಿ ಕಾಯಿ ಕಡಿಯುವುದು ಹೇಗೆ?



ಕಳೆದ ಭಾನುವಾರ ಸಂಘದ ಕೋಣೆಯಲ್ಲಿ ಒಬ್ಬ ಹಿರಿಯರಿಗೂ ಒಂಬತ್ತನೇ ತರಗತಿಯ ಹುಡುಗನಿಗೂ ಮಾತು ಬೆಳೆದು, ಹುಡುಗ ಆಟ ಬಿಟ್ಟು ಮನೆಗೆ ಹೋದ. ಅವರು ಆಡುತ್ತಿದ್ದದ್ದು ಅಮೆರಿಕದ ರಾಬರ್ಟ್ ಅಬಾಟ್ 1962ರಲ್ಲಿ ಪ್ರಕಟಿಸಿದ 'ಅಲ್ಟಿಮಾ' ಎಂಬ ಚದುರಂಗ. ನಿಯಮ ಓದಿ ಹೇಳದೆ ಆಟಕ್ಕೆ ಕೂರಿಸಿದ ತಪ್ಪು ನನ್ನದು. ಆದ್ದರಿಂದ ಈ ವಿವರಣೆ.

ಮಣೆ, ಕಾಯಿಗಳು ನಮ್ಮ ಚದುರಂಗದವೇ. ರಾಜ ಎಂದಿನಂತೆ ನಡೆದು ಎಂದಿನಂತೆ ಕಡಿಯುತ್ತಾನೆ. ಪದಾತಿ ಆನೆಯಂತೆ ನೇರ ನಡೆದು, ಎದುರಾಳಿಯ ಕಾಯಿಯನ್ನು ಅಡ್ಡ ಅಥವಾ ಉದ್ದ ಸಾಲಿನಲ್ಲಿ ತನ್ನ ಮತ್ತು ಸ್ವಪಕ್ಷದ ಇನ್ನೊಂದು ಕಾಯಿಯ ನಡುವೆ ಸಿಕ್ಕಿಸಿ ಕಡಿಯುತ್ತದೆ. ಉಳಿದವೆಲ್ಲ ಮಂತ್ರಿಯ ನಡೆಯವು. ಕಡಿಯುವ ರೀತಿ ಮಾತ್ರ ಬೇರೆ ಬೇರೆ:

ಕುದುರೆ: ಹುಲಿ-ಕುರಿ ಆಟದ ಹುಲಿಯಂತೆ ಹಾರಿ.
ಮಂತ್ರಿ: ಪಕ್ಕದ ಕಾಯಿಯಿಂದ ನೇರ ಹಿಂದೆ ಸರಿದು.
ಒಂದು ಆನೆ: ತಾನೂ ತನ್ನ ರಾಜನೂ ನಿಂತ ಸಾಲುಗಳು ಕೂಡುವ ಎರಡು ಮನೆಗಳಲ್ಲಿದ್ದವನ್ನು.
ತಲೆಕೆಳಗಾಗಿಟ್ಟ ಇನ್ನೊಂದು ಆನೆ: ಏನನ್ನೂ ಕಡಿಯದು, ಸುತ್ತಲಿನ ಎದುರಾಳಿ ಕಾಯಿಗಳನ್ನು ಅಲುಗದಂತೆ ಕಟ್ಟಿಹಾಕುತ್ತದೆ.

ಒಂಟೆಯೇ ಊಸರವಳ್ಳಿ. ಎದುರಿನ ಕಾಯಿ ಹೇಗೆ ಕಡಿಯುತ್ತದೋ ಅದನ್ನು ಹಾಗೆಯೇ ಕಡಿಯುತ್ತದೆ. ಕುದುರೆಯನ್ನು ಹಾರಿ, ಮಂತ್ರಿಯನ್ನು ಸರಿದು. ರಾಜನಿಗೆ ಪಕ್ಕದ ಮನೆಯಿಂದ ಮಾತ್ರ ಚೆಕ್. ಗೊಂದಲ ಹುಟ್ಟುವುದೂ ಇಲ್ಲಿಯೇ.

1. ಊಸರವಳ್ಳಿ ಓರೆಯಾಗಿ ಬಂದು ಪದಾತಿಯನ್ನು ಸಿಕ್ಕಿಸಬಹುದೇ? ಭಾನುವಾರದ ಜಗಳ ಇದೇ. "ಅದು ಮಂತ್ರಿಯಂತೆ ನಡೆಯುತ್ತದಲ್ಲ ಸಾರ್" ಎಂಬ ಹುಡುಗನ ವಾದದಲ್ಲಿ ಹುರುಳಿದೆ. ಆದರೆ ಪದಾತಿ ಓರೆ ನಡೆಯದು. ಅದರ ರೀತಿಯಲ್ಲಿ ಕಡಿಯಬೇಕಾದರೆ ನೇರವೇ ಬರಬೇಕು.

2. ಊಸರವಳ್ಳಿ ಊಸರವಳ್ಳಿಯನ್ನು ಕಡಿಯದು. ಅದಕ್ಕೆ ತನ್ನದೆಂಬ ರೀತಿಯೇ ಇಲ್ಲವಲ್ಲ!

3. ಕಟ್ಟುವ ಆನೆಯ ಪಕ್ಕ ಎದುರು ಪಕ್ಷದ ಊಸರವಳ್ಳಿ ಬಂದರೆ ಎರಡೂ ನಿಂತಲ್ಲೇ. ಒಂದು ಸತ್ತರೆ ಮಾತ್ರ ಇನ್ನೊಂದಕ್ಕೆ ಬಿಡುಗಡೆ.

4. ಎರಡು ಎದುರಾಳಿ ಕಾಯಿಗಳ ನಡುವೆ ತಾನಾಗಿ ಹೋಗಿ ನಿಂತ ಕಾಯಿ ಸಾಯದು. ಎದುರಾಳಿ ನಡೆದು ಸಿಕ್ಕಿಸಿದರೆ ಮಾತ್ರ ಸಾವು.

5. ಕಟ್ಟುಬಿದ್ದ ಕಾಯಿಯನ್ನು ತನ್ನ ಸರದಿಯಲ್ಲಿ ತಾನೇ ಮಣೆಯಿಂದ ತೆಗೆಯಲು ಕೆಲವರು ಬಿಡುತ್ತಾರೆ, ಕೆಲವರು ಬಿಡುವುದಿಲ್ಲ. ನಾವು ಬಿಡೋಣ.

ಬಾಯಿಮಾತಿನ ನಿಯಮಕ್ಕೆ ಕೊನೆಗೆ ಯಾರೂ ಹೊಣೆಯಲ್ಲ ಎಂಬುದು ಗುಮಾಸ್ತಿಕೆಯಲ್ಲಿ ಕಲಿತ ಪಾಠ. ಈ ಐದನ್ನೂ ಬರೆದು ಗೋಡೆಗೆ ಅಂಟಿಸಿದ್ದೇನೆ. ಹಿರಿಯರೇ ಹುಡುಗನ ಮನೆಗೆ ಹೋಗಿ ಕರೆದು ಬಂದಿದ್ದಾರೆ. ಮುಂದಿನ ಭಾನುವಾರ ಅದೇ ಮಣೆಯಲ್ಲಿ ಇಬ್ಬರೂ ಮತ್ತೆ ಕೂರುತ್ತಾರೆ. ತಾವೂ ಬನ್ನಿ.

— ಕಾರ್ಯದರ್ಶಿ